ಡೀಪ್ ಪರ್ಪಲ್ ಲೈವ್: ಸ್ಟುಡಿಯೋ ಹಾಡಿಗಿಂತ ವೇದಿಕೆಯ ಹಾಡೇ ಯಾಕೆ ಹಿಡಿಸುತ್ತದೆ?

ಹಳೇ ಕ್ಯಾಸೆಟ್

ಮಗ ಗಿಟಾರ್ ಕ್ಲಾಸಿಗೆ ಸೇರಿ ಒಂದು ತಿಂಗಳಾಯಿತು. ಮೊದಲು ಏನು ಕಲಿಸುತ್ತಾರೆ ಅಂತ ನಿಮಗೆಲ್ಲ ಗೊತ್ತೇ ಇದೆ. ಡೀಪ್ ಪರ್ಪಲ್ ಅನ್ನುವ ಇಂಗ್ಲಿಷ್ ರಾಕ್ ಬ್ಯಾಂಡಿನ 'ಸ್ಮೋಕ್ ಆನ್ ದ ವಾಟರ್'ನ ಆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಬೆಳಗ್ಗೆ ಹಾಲು ಉಕ್ಕುವಾಗ ಅದೇ, ರಾತ್ರಿ ಊಟ ಆದ ಮೇಲೂ ಅದೇ. ಮೊನ್ನೆ ನಮ್ಮ ಮನೆಯವರು ಕೇಳೇಬಿಟ್ಟರು: "ಈ ಹಾಡಿಗೆ ಮುಂದೆ ಏನೂ ಇಲ್ವಾ?"

ಇದೆ ಅಂತ ತೋರಿಸಲು ಅವರ ಲೈವ್ ಆಲ್ಬಂ 'ಮೇಡ್ ಇನ್ ಜಪಾನ್' ಹಾಕಿದೆ. ಹತ್ತು ನಿಮಿಷ ಕೇಳಿಸಿ ನಿಲ್ಲಿಸೋಣ ಅಂದುಕೊಂಡವನು ಪೂರ್ತಿ ಕೇಳಿ ಎದ್ದೆ. ಮನೆಯವರೂ ಮಗನೂ ಅಷ್ಟರಲ್ಲಿ ಮಲಗಿದ್ದರು, ಅದು ಬೇರೆ ವಿಷಯ.

ಗೊತ್ತಿಲ್ಲದವರಿಗೆ: 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ನಡೆದ ಮೂರು ಕಛೇರಿಗಳಿಂದ ಆರಿಸಿದ ಏಳು ಹಾಡು. ಗಿಟಾರ್ ರಿಚಿ ಬ್ಲ್ಯಾಕ್‌ಮೋರ್, ಹಾಡುವವರು ಇಯಾನ್ ಗಿಲ್ಲನ್, ಆರ್ಗನ್ ಜಾನ್ ಲಾರ್ಡ್, ಬೇಸ್ ರೋಜರ್ ಗ್ಲೋವರ್, ಡ್ರಮ್ಸ್ ಇಯಾನ್ ಪೇಸ್. ಆಮೇಲೆ ಸ್ಟುಡಿಯೋಗೆ ತಂದು ತೇಪೆ ಹಾಕಿದ್ದಲ್ಲ. ಅಸಲಿಗೆ ಈ ರೆಕಾರ್ಡ್ ಬೇಕು ಅಂದದ್ದು ಜಪಾನಿನ ಕಂಪನಿ. ಬ್ಯಾಂಡಿನವರಿಗೆ ಅಂಥ ಆಸಕ್ತಿಯೇ ಇರಲಿಲ್ಲ. ಮಿಕ್ಸಿಂಗ್‌ಗೆ ಬಂದು ಕೂತವರು ಗ್ಲೋವರ್ ಮತ್ತು ಪೇಸ್ ಇಬ್ಬರೇ. ಖರ್ಚು ಸುಮಾರು 3000 ಡಾಲರ್.

ನನಗೆ ಬೆರಗು ಹುಟ್ಟಿಸುವುದು ಒಂದು ಲೆಕ್ಕ. ಅವರ ಸ್ಟುಡಿಯೋ ಆಲ್ಬಂ 'ಮೆಷಿನ್ ಹೆಡ್' ರೆಕಾರ್ಡ್ ಆದದ್ದು 1971ರ ಡಿಸೆಂಬರಿನಲ್ಲಿ. ಜಪಾನಿಗೆ ಹೋದದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಆ ಆಲ್ಬಂನ ನಾಲ್ಕೂವರೆ ನಿಮಿಷದ 'ಸ್ಪೇಸ್ ಟ್ರಕಿನ್' ಇಪ್ಪತ್ತು ನಿಮಿಷದ್ದಾಗಿದೆ. ಹಾಡು ಅದೇ, ಒಳಗೆ ಹೊಸದೊಂದು ಮನೆಯನ್ನೇ ಕಟ್ಟಿದ್ದಾರೆ.

'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಕೇಳಿ. ಮಧ್ಯದಲ್ಲಿ ಬ್ಲ್ಯಾಕ್‌ಮೋರ್ ಒಂದು ತುಣುಕು ನುಡಿಸುತ್ತಾರೆ, ಗಿಲ್ಲನ್ ಅದನ್ನೇ ಗಂಟಲಲ್ಲಿ ವಾಪಸ್ ಕೊಡುತ್ತಾರೆ. ಮತ್ತೊಂದು, ಮತ್ತೊಂದು. ಗಿಟಾರ್ ಕೀಟಲೆ ಮಾಡಿದರೆ ಗಂಟಲೂ ಕೀಟಲೆ ಮಾಡುತ್ತದೆ. ಕೊನೆಗೆ ಗಿಲ್ಲನ್ ಕಿರುಚುವ ಎತ್ತರಕ್ಕೆ ನಮ್ಮ ಬೀದಿ ನಾಯಿ ಎದ್ದು ಕೂತಿತು. ಆಗ ಆ ಮನುಷ್ಯನಿಗೆ ಇನ್ನೂ 27 ತುಂಬಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ವೇಗವಾಗಿ ನುಡಿಸುವವರು ಇವತ್ತು ಬೇಕಾದಷ್ಟು ಇದ್ದಾರೆ. ಮೊಬೈಲ್ ತೆಗೆದರೆ ಹದಿನಾಲ್ಕು ವರ್ಷದ ಹುಡುಗಿ ಇವರ 'ಹೈವೇ ಸ್ಟಾರ್' ಸೋಲೋ ತಪ್ಪಿಲ್ಲದೆ ನುಡಿಸುತ್ತಾಳೆ. ಆದರೂ ಇದರಲ್ಲಿ ಇರುವುದು ಅದರಲ್ಲಿ ಇಲ್ಲ. ಏನದು? ಸಂಗೀತ ಗೊತ್ತಿರುವವರು ಸ್ವಲ್ಪ ಹೇಳಿ.

ತನಿ ಅಕ್ಕ

ನಾನು ಮೃದಂಗ ಕಲಿತವಳು. ರಾಕ್ ನನ್ನ ಕ್ಷೇತ್ರ ಅಲ್ಲ. ತಮ್ಮ ಈ ಬ್ಯಾಂಡಿನ ಹುಚ್ಚ, ಅವನ ಕಾಟಕ್ಕೆ ಕೇಳಿದ್ದು.

ನೀವು ಹೇಳಿದ ಜಾಗ ನಮಗೆ ಹೊಸದಲ್ಲ. ಹಾಡುವವರು ಸ್ವರ ಹಾಕುತ್ತಾರೆ, ಪಿಟೀಲಿನವರು ಉತ್ತರ ಕೊಡುತ್ತಾರೆ. ಒಳ್ಳೆಯ ಪಕ್ಕವಾದ್ಯದವರು ಕೇಳಿದ್ದನ್ನೇ ಒಪ್ಪಿಸಿ ಸುಮ್ಮನಾಗುವುದಿಲ್ಲ, ತಮ್ಮದೊಂದು ಚಿಟಿಕೆ ಸೇರಿಸಿ ಕೊಡುತ್ತಾರೆ. ಗಿಲ್ಲನ್ ಮಾಡುವುದೂ ಅದನ್ನೇ. ವ್ಯತ್ಯಾಸ ಅಂದರೆ ನಮ್ಮಲ್ಲಿ ಅದರ ಹಿಂದೆ ಲೆಕ್ಕ ಇರುತ್ತದೆ. ತನಿಯಲ್ಲಿ, ಅಂದರೆ ತಾಳವಾದ್ಯದವರ ಸರದಿಯಲ್ಲಿ, ಮೃದಂಗ, ಘಟ ಕುರೈಪ್ಪು ನುಡಿಸುವಾಗ ತಾಳದ ಎರಡು ಆವರ್ತ, ಒಂದು ಆವರ್ತ, ಅರ್ಧ ಅಂತ ಇಳಿಸಿಕೊಂಡು ಬರುತ್ತೇವೆ. ಇವರದ್ದರಲ್ಲಿ ಇಳಿಯುವ ಲೆಕ್ಕ ಇಲ್ಲ, ಏರುವ ಶ್ರುತಿ ಇದೆ. ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಎಣಿಸುತ್ತಿಲ್ಲ. ಆದ್ದರಿಂದ ಒಬ್ಬರ ಮೇಲೆ ಇನ್ನೊಬ್ಬರಿಗೆ ಜಾಸ್ತಿ ಗಮನ ಬೇಕು. ಒಂದು ಕ್ಷಣ ಮೈಮರೆತರೆ ಕೆಳಗೆ ಬೀಳುತ್ತಾರೆ.

ನನಗೆ ಹೆಚ್ಚು ಇಷ್ಟವಾದದ್ದು ಪೇಸ್. ಎಡಗೈ ಆಟಗಾರ. ಎರಡು ಬೇಸ್ ಡ್ರಮ್ ಇಟ್ಟುಕೊಂಡು ಗುಡುಗಿಸುವ ಪೈಕಿ ಅಲ್ಲ, ಒಂದೇ ಕಾಲಲ್ಲಿ ಕೆಲಸ ಮುಗಿಸುತ್ತಾರೆ. ಹಳೆಯ ಜಾಝ್ ಬ್ಯಾಂಡುಗಳ ಜೀನ್ ಕ್ರುಪಾ, ಬಡ್ಡಿ ರಿಚ್ ಅವರನ್ನು ಕೇಳಿ ಬೆಳೆದವರು ಅಂತ ತಮ್ಮ ಹೇಳಿದ. ಕೇಳಿದರೆ ಗೊತ್ತಾಗುತ್ತದೆ. ಪೆಟ್ಟು ಜೋರಾಗಿದೆ, ಆದರೆ ಮಣಿಕಟ್ಟು ಸಡಿಲ. ಕೈ ಬಿಗಿ ಹಿಡಿದು ನುಡಿಸಿದರೆ ಆ ನಡಿಗೆ ಬರುವುದೇ ಇಲ್ಲ. ನಮ್ಮ ಮೇಷ್ಟ್ರು ಇದಕ್ಕಾಗಿಯೇ ಬೆರಳಿನ ಮೇಲೆ ಹೊಡೆಯುತ್ತಿದ್ದರು.

ಫೇಡರ್ ಮುಂದೆ

ಸೌಂಡ್ ಕೆಲಸದಲ್ಲಿ ಇದ್ದೇನೆ, ನನ್ನ ಎರಡು ಮಾತು.

ಈ ರೆಕಾರ್ಡ್‌ನಲ್ಲಿ ಆರನೆಯವರೊಬ್ಬರು ಇದ್ದಾರೆ, ರೆಕಾರ್ಡಿಂಗ್ ಎಂಜಿನಿಯರ್ ಮಾರ್ಟಿನ್ ಬರ್ಚ್. ಬೇರೆ ಬೇರೆ ಸದ್ದು ಹಿಡಿಯುವ ಎಂಟೇ ಎಂಟು ಟ್ರ್ಯಾಕ್‌ನಲ್ಲಿ ಇದನ್ನು ಹಿಡಿದವರು. ಇವತ್ತು ಡ್ರಮ್ಸಿಗೊಂದಕ್ಕೇ ಎಂಟಕ್ಕಿಂತ ಹೆಚ್ಚು ಮೈಕ್ ಇಡುತ್ತೇವೆ. ಐದು ಜನ, ಜೊತೆಗೆ ಪ್ರೇಕ್ಷಕರ ಸದ್ದು, ಎಲ್ಲ ಎಂಟರೊಳಗೆ. ಆಮೇಲೆ ಸರಿ ಮಾಡೋಣ ಅನ್ನುವ ಮಾತೇ ಇಲ್ಲ. ನುಡಿಸುವವರ ಬಲ ಸಮ ಇಲ್ಲದಿದ್ದರೆ ಎಂಥ ಎಂಜಿನಿಯರ್ ಕೂತರೂ ಇದು ನಿಲ್ಲುತ್ತಿರಲಿಲ್ಲ.

ಹೆಡ್‌ಫೋನ್ ಹಾಕಿ ಕೇಳಿ. ಆರ್ಗನ್ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ವಾಲಿರುತ್ತದೆ. ಎಷ್ಟೋ ಕಡೆ ಯಾವುದು ಯಾವುದು ಅಂತ ಗೊಂದಲ ಆಗುತ್ತದೆ. ಕಾರಣ ಲಾರ್ಡ್ ತಮ್ಮ ಹ್ಯಾಮಂಡ್ ಸಿ3 ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಆಂಪ್‌ಗೆ ಹಾಕಿದ್ದರು. ಮಾಮೂಲಿಯಾಗಿ ಹ್ಯಾಮಂಡ್‌ಗೆ ಲೆಸ್ಲಿ ಅಂತ ತಿರುಗುವ ಸ್ಪೀಕರ್ ಇರುತ್ತದೆ, ಚರ್ಚಿನ ಮೆದು ದನಿ ಬರುತ್ತದೆ. ಇವರಿಗೆ ಬೇಕಿದ್ದದ್ದು ಗೊರಗೊರ. 'ಸ್ಮೋಕ್ ಆನ್ ದ ವಾಟರ್' ರಿಫ್ ಅಷ್ಟು ದಪ್ಪ ಕೇಳುವುದಕ್ಕೆ ಅರ್ಧ ಕಾರಣ ಆ ಆರ್ಗನ್. ಗಿಟಾರ್ ಒಂದೇ ಅಂದುಕೊಂಡು ಹುಡುಗರು ಡಿಸ್ಟಾರ್ಷನ್ ತಿರುಪುತ್ತಾ ಕೂರುತ್ತಾರೆ.

ಹಳೇ ಕ್ಯಾಸೆಟ್ ಅವರೇ, ನಿಮ್ಮ ಮಗನಿಗೆ ಇದೊಂದು ಹೇಳಿ: ಬ್ಲ್ಯಾಕ್‌ಮೋರ್ ಆ ರಿಫ್ಫನ್ನು ಪಿಕ್‌ನಲ್ಲಿ ಮೇಲಿಂದ ಕೆಳಗೆ ಬಾರಿಸುವುದಿಲ್ಲ. ಎರಡು ತಂತಿಯನ್ನು ಬೆರಳಿನಿಂದ ಒಟ್ಟಿಗೆ ಕೀಳುತ್ತಾರೆ. ಎರಡೂ ಸ್ವರ ಒಂದೇ ಕ್ಷಣ ಹೊರಡಬೇಕು. ಕ್ಲಾಸಿನಲ್ಲಿ ಕಲಿಸುವ ಪವರ್ ಕಾರ್ಡ್ ಕೂಡ ಅಲ್ಲ ಅದು.

ಇನ್ನೊಂದು. ಅದೇ ರೆಕಾರ್ಡ್‌ನಲ್ಲಿ ಗಿಲ್ಲನ್ ಸೌಂಡ್‌ನವರಿಗೆ ಎಲ್ಲವೂ ಎಲ್ಲದಕ್ಕಿಂತ ಜೋರಾಗಿರಲಿ ಅಂತ ಕೇಳುತ್ತಾರೆ. ಆ ಮಾತಿಗೆ ಐವತ್ತು ವರ್ಷ ಆಯಿತು, ಈಗಲೂ ಪ್ರತಿ ಸೌಂಡ್‌ಚೆಕ್‌ನಲ್ಲಿ ಆರ್ಕೆಸ್ಟ್ರಾದವರು ನನಗೆ ಹೇಳುವುದು ಇದನ್ನೇ. ಅವರು ತಮಾಷೆಗೆ ಹೇಳುವುದಿಲ್ಲ.

ಖಾರಾಬಾತ್

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಒಗ್ಗರಣೆ ಹಾಕುತ್ತೇನೆ.

'ಸ್ಪೇಸ್ ಟ್ರಕಿನ್' ಇಪ್ಪತ್ತು ನಿಮಿಷ ಯಾಕೆ ಬೇಕು? ನಡುವೆ ಎಂಟು ನಿಮಿಷ ಏನಾಗುತ್ತಿದೆ ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಎಲ್.ಪಿ.ಯ ಒಂದು ಪೂರ್ತಿ ಬದಿ ತುಂಬಿಸಲು ಎಳೆದ ಹಾಗಿದೆ.

ಜೊತೆಗೆ ಇದು 1972ರ ಕಥೆ. ಈಗ ಆ ಹೆಸರಿನಲ್ಲಿ ತಿರುಗುತ್ತಿರುವ ಬ್ಯಾಂಡ್ ಬೇರೆಯೇ. ಬ್ಲ್ಯಾಕ್‌ಮೋರ್ 1993ರಲ್ಲಿ ಟೂರ್ ನಡುವೆಯೇ ಬಿಟ್ಟು ಹೋದರು. ಲಾರ್ಡ್ 2012ರಲ್ಲಿ ತೀರಿಕೊಂಡರು. ಗಿಲ್ಲನ್ ಎತ್ತರದ ಕೂಗಿನ 'ಚೈಲ್ಡ್ ಇನ್ ಟೈಮ್' ಹಾಡುವುದನ್ನೇ ನಿಲ್ಲಿಸಿ ಎಷ್ಟೋ ವರ್ಷವಾಯಿತು. ಎಂಬತ್ತರ ಹತ್ತಿರ ಬಂದು ವೇದಿಕೆ ಏರುವುದು ಹೆಸರಿನ ಮೇಲೆ ದುಡಿಮೆ, ಅಷ್ಟೇ. ತಪ್ಪು ತಿಳಿಯಬೇಡಿ, ನಾನೂ ಅಭಿಮಾನಿಯೇ. ಅದಕ್ಕೇ ಬೇಜಾರು.

ಮಂಡ್ಯ ಟು ಮ್ಯೂನಿಕ್

ಖಾರಾಬಾತ್ ಗುರುವೇ, ನಾನೂ ಹೀಗೇ ಅಂದುಕೊಂಡು ಈಗಿನ ತಂಡದ ಕಛೇರಿಗೆ ಟಿಕೆಟ್ ತೆಗೆದುಕೊಂಡವನು. ಹೋಗಲಿ, ಒಮ್ಮೆ ಮುಖ ನೋಡಿ ಬರೋಣ ಅಂತ. ಆಫೀಸಿನ ಜರ್ಮನ್ ಗೆಳೆಯ ಎಳೆದುಕೊಂಡು ಹೋದ.

ಶುರುವಾದದ್ದೇ 'ಹೈವೇ ಸ್ಟಾರ್'ನಿಂದ. ಹೌದು, ಗಿಲ್ಲನ್ ಹಳೆಯ ಎತ್ತರಕ್ಕೆ ಹೋಗಲಿಲ್ಲ. ಸಾಲನ್ನು ಮುರಿದು, ಅರ್ಧ ಮಾತಾಡಿದ ಹಾಗೆ ಹಾಡಿದರು. ಮೊದಲ ಹಾಡಿನಲ್ಲಿ ನನಗೂ ಸ್ವಲ್ಪ ಕಸಿವಿಸಿ. ಎರಡನೇ ಹಾಡಿನ ಹೊತ್ತಿಗೆ ನಾನು ಬೇರೆ ಕಡೆ ನೋಡಲು ಶುರು ಮಾಡಿದ್ದೆ.

ಪೇಸ್ ಕಡೆ. 1968ರಲ್ಲಿ ಬ್ಯಾಂಡ್ ಹುಟ್ಟಿದಾಗಿನಿಂದ ಈವರೆಗೆ ಎಲ್ಲ ತಂಡದಲ್ಲೂ ಇದ್ದವರು ಅವರೊಬ್ಬರೇ. 2016ರಲ್ಲಿ ಸಣ್ಣ ಸ್ಟ್ರೋಕ್ ಆಗಿತ್ತು, ಆಮೇಲೂ ವಾಪಸ್ ಬಂದರು. ಕೈ ಎತ್ತುವುದೇ ಕಾಣುವುದಿಲ್ಲ ಮಾರಾಯ್ರೇ. ಕೋಲು ಚರ್ಮದಿಂದ ನಾಲ್ಕು ಬೆರಳು ಮೇಲೆ ಹೋದರೆ ಹೆಚ್ಚು. ಆದರೆ ಸದ್ದು ಎದೆಗೆ ಬಡಿಯುತ್ತದೆ. ಪಕ್ಕದಲ್ಲಿ ಗ್ಲೋವರ್, ತಲೆಗೆ ಬಟ್ಟೆ ಕಟ್ಟಿಕೊಂಡು ಅವರ ಕಡೆಗೇ ತಿರುಗಿ ನಿಂತಿರುತ್ತಾರೆ. ಹಾಡು ಎಲ್ಲಿ ತಿರುಗಬೇಕು ಅನ್ನುವುದು ಇಬ್ಬರ ಹುಬ್ಬಿನಲ್ಲೇ ತೀರ್ಮಾನ ಆಗುತ್ತದೆ. ಅರ್ಧ ಶತಮಾನದ ದಾಂಪತ್ಯ ನೋಡಿದ ಹಾಗಿತ್ತು.

ಗಿಟಾರ್ ಈಗ ಸೈಮನ್ ಮೆಕ್‌ಬ್ರೈಡ್, 2022ರಿಂದ. ಉಳಿದವರ ಮುಂದೆ ಮಗನ ವಯಸ್ಸು. ಬ್ಲ್ಯಾಕ್‌ಮೋರ್ ನಕಲು ಮಾಡುವುದಿಲ್ಲ. ಮುಖ್ಯ ಸ್ವರಗಳಿಗೆ ಗೌರವ ಕೊಟ್ಟು, ಮಧ್ಯೆ ತಮ್ಮದೇ ದಾರಿ ಹಿಡಿಯುತ್ತಾರೆ. ಕೀಬೋರ್ಡ್‌ನಲ್ಲಿ ಡಾನ್ ಏರಿ, ಲಾರ್ಡ್ ಬಿಟ್ಟ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಅವರ ಸೋಲೋ ಬಂದಾಗ ಯಾವ ಊರಿಗೆ ಹೋದರೆ ಆ ಊರಿನ ಧಾಟಿ ನುಸುಳಿಸುವುದು ಅವರ ಅಭ್ಯಾಸ. ಆ ರಾತ್ರಿ ನನ್ನ ಗೆಳೆಯನಿಗೆ ಬಾಲ್ಯದ ಯಾವುದೋ ಹಾಡು ಕೇಳಿಸಿ ಎದ್ದು ನಿಂತುಬಿಟ್ಟ. ನನಗೆ ಆ ಹಾಡು ಗೊತ್ತಿರಲಿಲ್ಲ. ಆದರೆ ಸಭೆ ಒಂದೇ ಸಲ ನಕ್ಕಿತಲ್ಲ, ಅದರಲ್ಲೇ ಗೊತ್ತಾಯಿತು.

ಸೋಲೋ ಬಂದಾಗಲೆಲ್ಲ ಗಿಲ್ಲನ್ ಪಕ್ಕಕ್ಕೆ ಸರಿದು ಕತ್ತಲಲ್ಲಿ ನಿಲ್ಲುತ್ತಿದ್ದರು. ನಿಂತು ಕೇಳುತ್ತಿದ್ದರು. ಈ ಸೋಲೋಗಳನ್ನು ಎಷ್ಟು ಸಾವಿರ ಸಲ ಕೇಳಿರಬಹುದು ಅಂತ ಯೋಚಿಸಿ.

ಖಾರಾಬಾತ್

ಚೆನ್ನಾಗಿ ಬರೆದಿರಿ. ಆದರೂ 'ಚೈಲ್ಡ್ ಇನ್ ಟೈಮ್' ಇಲ್ಲದ ಪರ್ಪಲ್ ಅಂದರೆ ಒಬ್ಬಟ್ಟಿಲ್ಲದ ಯುಗಾದಿ.

ಹಳೇ ಕ್ಯಾಸೆಟ್

ಖಾರಾಬಾತ್ ಅವರೇ, ಎಳೆದ ಹಾಗಿದೆ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. 'ಸ್ಪೇಸ್ ಟ್ರಕಿನ್' ನಡುವೆ ಒಂದು ಜಾಗದಲ್ಲಿ ನಾನೂ ಎದ್ದು ನೀರು ಕುಡಿದು ಬರುತ್ತೇನೆ. ಮೊದಲು 'ಮ್ಯಾಂಡ್ರೇಕ್ ರೂಟ್' ಅನ್ನುವ ಹಾಡಿನಲ್ಲಿ ಮಾಡುತ್ತಿದ್ದ ಮನೋಧರ್ಮವನ್ನೇ (ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು) ಇದಕ್ಕೆ ತಂದು ಅಂಟಿಸಿದ್ದು. ಅಂಟು ಕಾಣುತ್ತದೆ. ಆದರೆ ಹುಡುಕುತ್ತಾ ಹೋಗುವವರಿಗೆ ಅಷ್ಟು ಖಾಲಿ ಜಾಗ ಬೇಡವೇ? ರಾಗ ಹಾಡುವವರಿಗೆ ಪ್ರತಿ ನಿಮಿಷ ಚಪ್ಪಾಳೆ ಗಿಟ್ಟಲೇಬೇಕು ಅಂದರೆ ಹೇಗೆ?

ಗಿಲ್ಲನ್ ವಿಷಯ. ನಮ್ಮಲ್ಲಿ ವಯಸ್ಸಾದ ವಿದ್ವಾಂಸರು ಶ್ರುತಿ ಇಳಿಸಿಕೊಂಡು ಹಾಡುತ್ತಾರೆ. ಯಾರಾದರೂ ಸೋತರು ಅನ್ನುತ್ತೇವಾ? ಮೇಲಿನ ಷಡ್ಜ ಸಿಗದಿದ್ದರೆ ಮಧ್ಯಮದ ಸುತ್ತಲೇ ಓಡಾಡಿ ಅರ್ಧ ಗಂಟೆ ನಮ್ಮನ್ನು ಕಟ್ಟಿ ಹಾಕುತ್ತಾರೆ. ಚಾಮರಾಜಪೇಟೆಯ ರಾಮೋತ್ಸವದ ಪೆಂಡಾಲಿನಲ್ಲಿ ಕೂತು ಬೆಳೆದವನು ನಾನು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅಜ್ಜಂದಿರು ದನಿ ನಡುಗಿದರೂ "ಭೇಷ್" ಅನ್ನುತ್ತಿದ್ದದ್ದು ಕನಿಕರಕ್ಕಲ್ಲ. ಆ ನಡುಗು ದನಿ ಎಲ್ಲಿ ಹೋಗಿ ನಿಂತಿತು ಅನ್ನುವುದಕ್ಕೆ. ಕೈಲಾಗದ್ದನ್ನು ಟೇಪ್ ಹಾಕಿ ತುಟಿ ಆಡಿಸುವುದಕ್ಕಿಂತ ಆ ಹಾಡನ್ನೇ ಬಿಟ್ಟದ್ದು ಗಿಲ್ಲನ್ ಅವರ ಪ್ರಾಮಾಣಿಕತೆ ಅಂತ ನನಗೆ ಅನ್ನಿಸುತ್ತದೆ.

ಖಾರಾಬಾತ್

ರಾಕ್‌ನಲ್ಲಿ ಶ್ರುತಿ ಇಳಿಸಿದರೆ ಸಿಟ್ಟೂ ಇಳಿಯುತ್ತದಲ್ಲ ಸರ್? ಆ ಸಂಗೀತ ಹುಟ್ಟಿದ್ದೇ ಮೈಯ ಬಲದಿಂದ. 1972ರಲ್ಲೇ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಇವರ ಸದ್ದು 117 ಡೆಸಿಬೆಲ್ ಮುಟ್ಟಿ ಗಿನ್ನೆಸ್ ಪುಸ್ತಕಕ್ಕೆ ಹೋಯಿತು. ಮೂರು ಜನ ಪ್ರಜ್ಞೆ ತಪ್ಪಿದ್ದರಂತೆ. ಅದನ್ನು ಪೆಂಡಾಲಿನ ಕಛೇರಿಗೆ ಹೋಲಿಸಿದರೆ ಎರಡಕ್ಕೂ ಅನ್ಯಾಯ.

ಅರ್ಧ ಒಪ್ಪಿದ್ದಕ್ಕೆ ಥ್ಯಾಂಕ್ಸ್.

ಬೇಸ್ ಭಟ್ರು

ಯಾರೂ ಗ್ಲೋವರ್ ಬಗ್ಗೆ ನೆಟ್ಟಗೆ ಒಂದು ಪ್ಯಾರಾ ಬರೆಯಲಿಲ್ಲ. ಬೇಸ್ ನುಡಿಸುವವರ ಹಣೆಬರಹ.

'ಚೈಲ್ಡ್ ಇನ್ ಟೈಮ್' ಹಾಕಿಕೊಳ್ಳಿ, ಒಸಾಕಾ 16ನೇ ತಾರೀಕಿನದ್ದು. ಹನ್ನೆರಡು ನಿಮಿಷ. ಎಲ್ಲರೂ ಗಿಲ್ಲನ್ ಕೂಗನ್ನು ಕಾಯುತ್ತಾರೆ, ನೀವು ಬೇಸ್ ಮಾತ್ರ ಕೇಳಿ. ಮೆಲ್ಲಗೆ ನಡೆಯುತ್ತಿರುವ ಹಾಡು ಗಿಟಾರ್ ಸೋಲೋದಲ್ಲಿ ಓಟಕ್ಕೆ ಬೀಳುತ್ತದೆ. ಬ್ಲ್ಯಾಕ್‌ಮೋರ್ ಎಲ್ಲೆಲ್ಲೋ ಹಾರುತ್ತಾರೆ. ಕೆಳಗೆ ಗ್ಲೋವರ್ ನೆಲ ಹಾಸುತ್ತಾ ಹೋಗುತ್ತಾರೆ, ಒಂದು ಚಪ್ಪಡಿ ತಪ್ಪುವುದಿಲ್ಲ. ಜಾಸ್ತಿ ನುಡಿಸುವ ಆಸೆಯನ್ನು ಹನ್ನೆರಡು ನಿಮಿಷ ತಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ಬೇಸ್ ಹಿಡಿದವನನ್ನು ಕೇಳಿ.

ಅಂದಹಾಗೆ ಆ ಹಾಡಿನ ಆರಂಭದ ಆರ್ಗನ್ ಧಾಟಿ ಪರ್ಪಲ್‌ನವರ ಸ್ವಂತದ್ದಲ್ಲ. 'ಇಟ್ಸ್ ಎ ಬ್ಯೂಟಿಫುಲ್ ಡೇ' ಅನ್ನುವ ಸ್ಯಾನ್ ಫ್ರಾನ್ಸಿಸ್ಕೋ ಬ್ಯಾಂಡಿನಿಂದ ಎತ್ತಿದ್ದು. ಮೂಲ ಹಾಡಿನ ಹೆಸರು 'ಬಾಂಬೆ ಕಾಲಿಂಗ್'! ಆ ಬ್ಯಾಂಡ್‌ನವರೂ ಸುಮ್ಮನಿರಲಿಲ್ಲ, ಪರ್ಪಲ್‌ನ 'ರಿಂಗ್ ದಟ್ ನೆಕ್' ಎತ್ತಿ ತಮ್ಮದೊಂದು ಹಾಡು ಮಾಡಿಕೊಂಡರು. ಸಾಲ ತೀರಿತು.

ಇನ್ನೊಂದು. ಗಿಲ್ಲನ್, ಗ್ಲೋವರ್ ಇಬ್ಬರೂ ಬ್ಯಾಂಡ್ ಬಿಟ್ಟದ್ದು 1973ರ ಜೂನಿನಲ್ಲಿ. 1984ರಲ್ಲಿ ಐವರೂ ಮತ್ತೆ ಸೇರುವ ಮೊದಲು ಆ ತಂಡದ ಕೊನೆಯ ಕಛೇರಿ ಎಲ್ಲಿ ಅಂದಿರಿ? ಒಸಾಕಾ. ಹತ್ತು ತಿಂಗಳ ಹಿಂದೆ ಈ ರೆಕಾರ್ಡ್ ಮಾಡಿದ್ದ ಅದೇ ಊರು. ಒಳಗೆ ಬ್ಲ್ಯಾಕ್‌ಮೋರ್ ಮತ್ತು ಗಿಲ್ಲನ್‌ಗೆ ಎಣ್ಣೆ ಸೀಗೆಕಾಯಿ ಸಂಬಂಧ. ಅವರಿಬ್ಬರ ಸವಾಲು ಜವಾಬನ್ನೇ ಅಲ್ವಾ ನೀವು ಮೇಲೆ ಹೊಗಳಿದ್ದು? ಮಾತು ಬಿಟ್ಟವರೂ ವೇದಿಕೆ ಮೇಲೆ ಹಾಗೆ ಮಾತಾಡಿಕೊಳ್ಳಬಲ್ಲರು ಅನ್ನುವುದು ನನಗೆ ಈಗಲೂ ವಿಚಿತ್ರ.

ಹಳೇ ಕ್ಯಾಸೆಟ್

ಭಟ್ರೇ, ಇದು ಗೊತ್ತಿತ್ತು, ಆದರೆ ಹೀಗೆ ಜೋಡಿಸಿ ನೋಡಿರಲಿಲ್ಲ. ಇನ್ನು 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಕೇಳುವಾಗ ಬೇರೆಯೇ ಕೇಳಿಸುತ್ತದೆ. ಸ್ವಲ್ಪ ಹಾಳು ಮಾಡಿದಿರಿ.

ಫೇಡರ್ ಮುಂದೆ

ಬೆಂಗಳೂರಿನವರಿಗೆ ಒಂದು ಕೊಂಡಿ. ಮೇಲೆ ಹೇಳಿದ ಮಾರ್ಟಿನ್ ಬರ್ಚ್ ಮುಂದೆ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ಗೆ 1981ರಿಂದ 1992ರವರೆಗೆ ಆಲ್ಬಂ ಮಾಡಿಕೊಟ್ಟರು. ಆ ಮೇಡನ್ 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬಂದಾಗ ನಾನು ಕಾಲೇಜು ಹುಡುಗ, ಬೇಲಿ ಹತ್ತಿರ ನಿಂತಿದ್ದೆ. ಮೂರು ಗಿಟಾರ್ ಇದ್ದರೂ ಸ್ಟೀವ್ ಹ್ಯಾರಿಸ್ ಬೇಸ್ ಕುದುರೆ ಓಟದ ಹಾಗೆ ಬೇರೆಯಾಗಿ ಕೇಳುತ್ತಿತ್ತು. ಆ ಧೂಳು, ಆ ಸದ್ದು. ಸೌಂಡ್ ಕೆಲಸಕ್ಕೆ ಬರಬೇಕು ಅಂತ ಅನ್ನಿಸಿದ್ದು ಆ ರಾತ್ರಿಯೇ. ಅಪ್ಪ ಇನ್ನೂ ಕ್ಷಮಿಸಿಲ್ಲ.

ಬರ್ಚ್ 2020ರಲ್ಲಿ ಹೋದರು.

ಮಂಡ್ಯ ಟು ಮ್ಯೂನಿಕ್

ಭೇಷ್. ಖಾರಾಬಾತ್, ಮೈಯ ಬಲ ಅಂದಿರಲ್ಲ. 1993ರಲ್ಲಿ ಬ್ಲ್ಯಾಕ್‌ಮೋರ್ ಬಿಟ್ಟು ಹೋದಾಗ ಜಪಾನಿನ ಕಛೇರಿಗಳು ಎದುರಿಗೇ ಇದ್ದವು. ಅವರ ಜಾಗದಲ್ಲಿ ಗಿಟಾರಿಗೆ ಜೋ ಸಾಟ್ರಿಯಾನಿ ಬಂದು ನಿಂತರು. ಅಷ್ಟು ಕಡಿಮೆ ಸಮಯದಲ್ಲಿ ಹೊಸಬರೊಬ್ಬರನ್ನು ಒಳಗೆ ಕೂರಿಸಿಕೊಂಡು ಕಛೇರಿ ನಡೆಸಿದ್ದು ಯಾವ ಬಲ? ಆಮೇಲೆ ಸ್ಟೀವ್ ಮೋರ್ಸ್ 1994ರಿಂದ 2022ರವರೆಗೆ ಇದ್ದರು. ಲೆಕ್ಕ ಹಾಕಿದರೆ ಬ್ಲ್ಯಾಕ್‌ಮೋರ್‌ಗಿಂತ ಜಾಸ್ತಿ ವರ್ಷ.

ಖಾರಾಬಾತ್

ಆಯಿತು ಮಾರಾಯ. ಟಿಕೆಟ್ ಕಳಿಸು, ಬಂದು ನೋಡಿ ಹೇಳುತ್ತೇನೆ.

ತನಿ ಅಕ್ಕ

ತಡವಾಗಿ ಬಂದೆ, ಕ್ಷಮಿಸಿ. ಈ ವಾರ ತಮ್ಮನ ಜೊತೆ ಕೂತು ಎರಡು ಪ್ರಯೋಗ ಮಾಡಿದೆ.

ಮೊದಲು 'ಲೇಝಿ', ಟೋಕಿಯೋದ್ದು. ಅದು ಮೂರರ ನಡೆ. ತಿಶ್ರದಲ್ಲಿ ಕೂತರೆ ಕೈ ತಾನೇ ಹೋಗುತ್ತದೆ. ಲಾರ್ಡ್ ಶುರುವಿನಲ್ಲಿ ಆರ್ಗನ್ನಿಂದ ಏನೇನೋ ಗೊಣಗಾಟ ಹೊರಡಿಸುತ್ತಾ ತುಂಬ ಹೊತ್ತು ಆಡಿಸುತ್ತಾರೆ. ಪೇಸ್ ಅಲ್ಲಿಯವರೆಗೆ ಕಾಯುತ್ತಾರೆ. ಆ ಕಾಯುವುದನ್ನು ಕೇಳಿ. ಕೋಲು ಕೈಯಲ್ಲಿ ಇರುವವರಿಗೆ ಸುಮ್ಮನೆ ಕೂರುವುದೇ ಕಷ್ಟದ ಪಾಠ.

ಆಮೇಲೆ 'ದ ಮ್ಯೂಲ್'ನ ಡ್ರಮ್ ಸೋಲೋ. ನಮ್ಮ ತನಿಯಲ್ಲಿ ಹಾಡುವವರು ಕೈಯಲ್ಲಿ ತಾಳ ಹಾಕುತ್ತಾ ಕೂತಿರುತ್ತಾರೆ. ನಾವು ಎಲ್ಲಿಗೆ ಹೋದರೂ ಅದೊಂದು ಗೂಟ. ಇಲ್ಲಿ ಗೂಟವೇ ಇಲ್ಲ. ಉಳಿದ ನಾಲ್ವರು ಸುಮ್ಮನಾಗಿಬಿಡುತ್ತಾರೆ. ಪೇಸ್ ಒಬ್ಬರೇ ಓಡಿ, ನಿಂತು, ಪಿಸುಗುಟ್ಟಿ, ಮತ್ತೆ ಓಡಿ ವಾಪಸ್ ಬರುತ್ತಾರೆ. ಬಂದದ್ದು ಉಳಿದವರಿಗೆ ಹೇಗೋ ಗೊತ್ತಾಗುತ್ತದೆ, ಎಲ್ಲರೂ ಒಟ್ಟಿಗೆ ಬಂದು ಸೇರುತ್ತಾರೆ. ಆ ಗುರುತಿನ ಪೆಟ್ಟು ಯಾವುದು ಅಂತ ಏಳು ಸಲ ಹಿಂದಕ್ಕೆ ಹಾಕಿ ಕೇಳಿದೆ. ಇನ್ನೂ ಸಿಕ್ಕಿಲ್ಲ. ಐದನೇ ನಿಮಿಷದ ಸುಮಾರಿಗೆ ನನ್ನ ತಾಳ ಪ್ರತಿ ಸಲ ತಪ್ಪುತ್ತದೆ. ಇಪ್ಪತ್ತೆರಡು ವರ್ಷ ಮೃದಂಗ ನುಡಿಸಿದವಳು, ನಾಚಿಕೆ ಆಯಿತು. ಯಾರಾದರೂ ಪೂರ್ತಿ ಎಣಿಸಿದ್ದೀರಾ?

ಬೇಸ್ ಭಟ್ರು

ಅಕ್ಕಾ, ಐದನೇ ನಿಮಿಷದವರೆಗೆ ಹೋದಿರಾ? ನಾನು ಮೂರರಲ್ಲೇ ಕೈ ಬಿಟ್ಟಿದ್ದೆ. ಇವತ್ತು ರಾತ್ರಿ ಮತ್ತೆ ಕೂರುತ್ತೇನೆ.